ಹೆಸರಿನೊಳಗೆ ಕಟ್ಟಿಹಾಕಿದ ಕುದುರೆಗಳು

ನೆಂಟರಲ್ಲಿ ಯಾರಿಗೆ ಮಗು ಹುಟ್ಟಿದರೂ ಹೆಸರು ಹುಡುಕುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಸುಮ್ನೆ ಕೂತು ನಿಘಂಟು ಓದುವ ಚಟ ನನಗಿದೆ ಅಂತ ಎಲ್ಲರಿಗೂ ಗೊತ್ತು. ಕುದುರೆ ಸವಾರಿ ಕಲಿಸುವ ಹುಡುಗನೊಬ್ಬ ದೂರದ ಸಂಬಂಧದಲ್ಲಿದ್ದಾನೆ. ಅವನದು ಬೇರೆಯೇ ಬೇಡಿಕೆ. "ಚಿಕ್ಕಮ್ಮ, ಹೆಸರಲ್ಲಿ ಕುದುರೆ ಇರಬೇಕು. ಆದರೆ ಕೇಳಿದವರಿಗೆ ಕುದುರೆ ಅಂತ ಹೊಳೀಬಾರದು" ಅಂದ.

ಮಗುವಿನ ನಕ್ಷತ್ರ ಅಶ್ವಿನಿ. ಹಾಗಾದರೆ ಸುಲಭ ಅಂದುಕೊಳ್ಳಬೇಡಿ. ಪಂಚಾಂಗ ತೆಗೆದರೆ ಅಶ್ವಿನಿಗೆ ಬರುವ ಅಕ್ಷರಗಳು ಚು, ಚೇ, ಚೋ, ಲಾ. ಅಂದರೆ ಅಶ್ವಿನಿಯಲ್ಲಿ ಹುಟ್ಟಿದವರಿಗೆ ಅಶ್ವಿನಿ ಅನ್ನುವ ಹೆಸರೇ ಕೂಡಿಬರುವುದಿಲ್ಲ!

ಇಂಥ ಹುಡುಕಾಟದಲ್ಲಿ ಹೆಸರಿನ ತಲೆಗಿಂತ ಬಾಲ ಮುಖ್ಯ. 'ಅ' ಅಕ್ಷರದಲ್ಲಿ ಹುಡುಕಿದರೆ ಸಾವಿತ್ರಿಯ ಅಪ್ಪ ಅಶ್ವಪತಿ, ಬುದ್ಧಚರಿತ ಬರೆದ ಅಶ್ವಘೋಷ, ಹೀಗೆ ಕೆಲವೇ ಹೆಸರು ಸಿಗುತ್ತವೆ. ಕೊನೆಯಲ್ಲಿ ಅಶ್ವ ಇರುವ ಹೆಸರು ಹುಡುಕಿ, ರಾಶಿಯೇ ಇದೆ. ಮಾಂಧಾತನ ಅಪ್ಪ ಯುವನಾಶ್ವ. ಕಾಡಿನಲ್ಲಿ ಧರ್ಮರಾಯನಿಗೆ ನಳನ ಕಥೆ ಹೇಳಿದ ಋಷಿ ಬೃಹದಶ್ವ. ಋಗ್ವೇದದ ಐದನೇ ಮಂಡಲದಲ್ಲಿ ಬರುವ ಶ್ಯಾವಾಶ್ವ, ಅಂದರೆ ಕಪ್ಪುಗಂದು ಬಣ್ಣದ ಕುದುರೆಗಳು ಇರುವವನು. ಇವರ್ಯಾರೂ ಕುದುರೆಗಳಲ್ಲ, ಕುದುರೆ ಇಟ್ಟುಕೊಂಡವರು. ಬಾಲದಲ್ಲಿ ಅಶ್ವ ಇದ್ದರೆ ಹೆಚ್ಚಾಗಿ ಅರ್ಥ ಇಷ್ಟೇ: ಇಂಥಾ ಕುದುರೆಗಳ ಒಡೆಯ. ಆ ಕಾಲಕ್ಕೆ ಅದು ದೊಡ್ಡ ಆಸ್ತಿ. ಶ್ವೇತಾಶ್ವತರದಲ್ಲಿ ಮಾತ್ರ ಹುಷಾರು. ಅಶ್ವತರ ಅಂದರೆ ಹೇಸರಗತ್ತೆ. ಉಪನಿಷತ್ತಿನ ಆ ಋಷಿಯ ಹೆಸರಿನಲ್ಲಿ ಇರುವುದು ಬಿಳಿ ಹೇಸರಗತ್ತೆ.

ಇದೇ ಬಾಲವನ್ನು ಹಿಡಿದುಕೊಂಡು ಇರಾನಿಗೆ ಹೋದೆ. ನನಗೆ ಅತಿ ಖುಷಿ ಕೊಟ್ಟ ದಾರಿ ಇದು. ಪಾರ್ಸಿಗಳ ಧರ್ಮಗ್ರಂಥದ ಹಳೆಯ ಭಾಷೆ ಅವೆಸ್ತಾದಲ್ಲಿ ಅಶ್ವಕ್ಕೆ ಅಸ್ಪ ಅನ್ನುತ್ತಾರೆ. ಒಂದೇ ಬೇರು. ಅದು ಗೊತ್ತಾದ ಮೇಲೆ ಜಾಮಾಸ್ಪ್, ಗುಷ್ತಾಸ್ಪ್ ಹೆಸರುಗಳು ತಾವಾಗಿಯೇ ಬಿಚ್ಚಿಕೊಂಡವು. 1544ರಲ್ಲಿ ಹುಮಾಯೂನ್ ರಾಜ್ಯ ಕಳಕೊಂಡು ಹೋಗಿ ಭೇಟಿಯಾದ ಇರಾನಿನ ಷಾ ತಹಮಾಸ್ಪ್ ಹೆಸರಿನಲ್ಲೂ ಕುದುರೆ ಇದೆ, ಗಟ್ಟಿಮುಟ್ಟಾದ ಕುದುರೆ. ಪಾರ್ಸಿಗಳ ಧರ್ಮಗುರು ಜರತುಷ್ಟ್ರನ ಅಪ್ಪ ಪೌರುಷಸ್ಪ, ಬೂದು ಕುದುರೆಗಳವನು. ಮಗನ ಹೆಸರಿನ ಕೊನೆಯಲ್ಲಿ ಇರೋದು ಉಷ್ಟ್ರ, ಒಂಟೆ! ಅಪ್ಪನಿಗೆ ಕುದುರೆ, ಮಗನಿಗೆ ಒಂಟೆ. ಆ ಮನೆಯ ಕೊಟ್ಟಿಗೆ ತುಂಬಿತ್ತು ಅಂತ ಕಾಣುತ್ತದೆ.

ಅಲ್ಲೇ ಸಿಕ್ಕಿತು ಲೋಹ್ರಾಸ್ಪ್. ಹಳೆಯ ರೂಪ ಔರ್ವತಸ್ಪ, ವೇಗದ ಕುದುರೆಗಳವನು. ಪಾರ್ಸಿ ಮನೆಗಳಲ್ಲಿ ಈಗಲೂ ಇಡುವ ಹೆಸರು. ಲಾ ಅಲ್ಲದಿದ್ದರೂ ಲಕಾರದಲ್ಲಿ ಶುರು, ಒಳಗೆ ಕುದುರೆ, ಕೇಳಿದವರಿಗೆ ಹೊಳೆಯೋದೂ ಇಲ್ಲ. ಹುಡುಗ ಕೇಳಿದ್ದೆಲ್ಲ ಇದೆ. ಅವನ ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದರು: "ತೊಟ್ಟಿಲಲ್ಲಿ ಹಾಕಿ ಅದನ್ನ ಮೂರು ಸಲ ಕೂಗೋಕೆ ನನ್ನ ಕೈಲಾಗಲ್ಲ." ಕೊನೆಗೆ ಚೇತನ್ ಅಂತಾಯಿತು. ಮನೆಯಲ್ಲಿ ಕರೆಯುವುದು ಮಾತ್ರ ಚೇತಕ್, ರಾಣಾ ಪ್ರತಾಪನ ಕುದುರೆ.

ಮಗುವಿನ ಕೆಲಸ ಮುಗಿದರೂ ನನ್ನ ಪಟ್ಟಿ ನಿಲ್ಲಲಿಲ್ಲ. ಗ್ರೀಕಿನವರದೂ ಇದೇ ಕಥೆ. ಅಲ್ಲಿ ಕುದುರೆಗೆ ಹಿಪ್ಪೋಸ್. ಫಿಲಿಪ್ ಅಂದರೆ ಕುದುರೆ ಕಂಡರೆ ಪ್ರೀತಿ ಇರುವವನು. ಸಾಕ್ರೆಟಿಸನ ಹೆಂಡತಿ ಕ್ಸಾಂಥಿಪ್ಪೆ, ಹೊಂಬಣ್ಣದ ಕುದುರೆ. ಅರಿಸ್ಟೋಫೆನಿಸ್ ಕ್ರಿ.ಪೂ. 423ರಲ್ಲಿ ಆಡಿಸಿದ ನಾಟಕದಲ್ಲಿ ಗಂಡ ಹೆಂಡತಿ ಮಗನ ಹೆಸರಿಗಾಗಿಯೇ ಜಗಳ ಆಡುತ್ತಾರೆ. ಹೆಂಡತಿ ದೊಡ್ಡ ಮನೆಯವಳು, ಹೆಸರಲ್ಲಿ ಹಿಪ್ಪೋಸ್ ಇರಲೇಬೇಕು ಅಂತಾಳೆ. ಗಂಡನಿಗೆ ತನ್ನ ಅಪ್ಪನ ಹೆಸರು ಇಡುವ ಆಸೆ, ಅದರ ಅರ್ಥ ಜಿಪುಣತನದ ಕಡೆಯದು. ಕೊನೆಗೆ ಎರಡನ್ನೂ ಸೇರಿಸಿ ಫೈಡಿಪ್ಪಿಡೀಸ್ ಅಂತ ಇಡುತ್ತಾರೆ. ಹುಡುಗ ಬೆಳೆದು ರೇಸು ಕುದುರೆಗಳಿಗೆ ದುಡ್ಡು ಸುರಿದು ಅಪ್ಪನನ್ನು ಸಾಲಕ್ಕೆ ತಳ್ಳುತ್ತಾನೆ. ನಾಮಕರಣದ ಜಗಳ ಯಾವ ಕಾಲದ್ದು ನೋಡಿ.

ಹಾಗಂತ ಸದ್ದು ಕೇಳಿಸಿದ ಕಡೆಯೆಲ್ಲ ಕುದುರೆ ಇರುವುದಿಲ್ಲ. ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಗೂ ಗ್ರೀಕಿನ ಹಿಪ್ಪೋಸ್‌ಗೂ ಏನೂ ಸಂಬಂಧವಿಲ್ಲ. ಮಜಾ ಅಂದರೆ ಆ ಊರಿನ ದೇವರು ರಾವುತರಾಯ, ರಾವುತ ಅಂದರೆ ಕುದುರೆ ಸವಾರ! ಕುದುರೆ ಇದೆ, ನಾವು ಹುಡುಕಿದ ಕಡೆ ಇಲ್ಲ. ರಾವುತ ಪದದ ಬೇರಿನಲ್ಲೂ ಕುದುರೆ ಇಲ್ಲ. ಅದು ರಾಜಪುತ್ರ ಸವೆದು ಸವೆದು ಆದದ್ದು. ರಾಜನ ಮಗ ಕುದುರೆ ಏರುತ್ತಾನಲ್ಲ, ಹಾಗೆ ಸವಾರನಿಗೆ ಅದೇ ಹೆಸರು ನಿಂತಿತು.

ಸಂಡೂರಿನ ಘೋರ್ಪಡೆ ಮನೆತನದ ಹೆಸರು ಕೇಳಿದರೆ ಯಾರಿಗೂ ಘೋಡಾ ನೆನಪಾಗುತ್ತದೆ, ಅಲ್ವಾ? ಅದು ಮರಾಠಿಯ ಘೋರ್ಪಡ, ಅಂದರೆ ಉಡ. ಉಡಕ್ಕೆ ಹಗ್ಗ ಕಟ್ಟಿ ಕೋಟೆ ಗೋಡೆ ಹತ್ತಿದ ಪೂರ್ವಜನ ಕಥೆ ಆ ಮನೆತನದಲ್ಲಿದೆ. ಇನ್ನು ನಮ್ಮ ಅಶ್ವತ್ಥನಾರಾಯಣರು ಹೆಸರು ಪಡೆದದ್ದು ಅರಳಿಮರದಿಂದ. ಕುದುರೆಗಳು ನಿಲ್ಲುವ ಮರ ಅಂತ ಅಶ್ವತ್ಥಕ್ಕೆ ಅರ್ಥ ಹೇಳುತ್ತಾರೆ, ಆದರೆ ಹೆಸರಿಡುವಾಗ ಮನಸ್ಸಲ್ಲಿದ್ದದ್ದು ಮರ. ಅಶ್ವತ್ಥಾಮನಿಗೂ ಈ ಮರಕ್ಕೂ ಸಂಬಂಧ ಕಟ್ಟಬೇಡಿ. ಅವನು ಹುಟ್ಟಿದಾಗ ಇಂದ್ರನ ಕುದುರೆ ಉಚ್ಚೈಃಶ್ರವಸ್ಸಿನ ಹಾಗೆ ಕೆನೆದ ಅಂತ ಆದಿಪರ್ವವೇ ಹೇಳುತ್ತದೆ.

ಹಾಗಾಗಿ ನಾನು ಪಟ್ಟಿಯಲ್ಲಿ ಹೆಸರಿನ ಮುಂದೆ ಅರ್ಥ ಮಾತ್ರ ಬರೆಯುವುದಿಲ್ಲ. ಯಾವ ಭಾಷೆ, ಹಳೆಯ ರೂಪ ಯಾವುದು, ಹೆಸರಿಟ್ಟವರು ಏನು ನೆನೆದು ಇಟ್ಟರು, ಇವನ್ನೂ ಬರೆಯುತ್ತೇನೆ. ಮೈಸೂರು ಗೆಜೆಟಿಯರ್ ಸಂಪಾದಿಸಿದ ಹಯವದನ ರಾಯರ ಹೆಸರಿಗೆ ಬರೀ 'ಕುದುರೆ ಮುಖ' ಅಂತ ಬರೆದರೆ ಅನ್ಯಾಯ. ಅದು ಕುದುರೆ ಮುಖದ ವಿಷ್ಣು, ಹಯಗ್ರೀವ ದೇವರ ಹೆಸರು. ಸೋದೆಯ ವಾದಿರಾಜರ ಅಂಕಿತವೂ ಅದೇ. ಕಡಲೆಬೇಳೆ, ಬೆಲ್ಲ, ಕಾಯಿ ಹಾಕಿ ಮಾಡುವ ಹಯಗ್ರೀವ ತಿಂದವರಿಗೆ ಬೇರೆ ವಿವರಣೆ ಬೇಡ. ಅದೇ ಅರ್ಥ ಊರಿಗೆ ಬಂದಾಗ ಅಷ್ಟೇ ಸಾಕು. ಬೆಟ್ಟದ ಆಕಾರ ನೋಡಿ ಕುದುರೆಮುಖ ಅಂದರು. ಕೊಪ್ಪಳದ ಕಡೆ ಕುದರಿಮೋತಿ ಅಂತ ಊರಿದೆ, ಅಲ್ಲಿಯ ಮಾತಲ್ಲಿ ಮೋತಿ ಅಂದರೆ ಮುಖವೇ. ಆ ಊರು ಬಿಟ್ಟು ಬಂದವರಿಗೆ ಅದೇ ಅಡ್ಡಹೆಸರು.

ಪುಸ್ತಕದಲ್ಲಿ ಸಿಗದ್ದು ಇಂಥ ಅಡ್ಡಹೆಸರುಗಳಲ್ಲಿ ಸಿಗುತ್ತದೆ. ಉತ್ತರ ಕರ್ನಾಟಕದ ಮದುವೆ ಪತ್ರಿಕೆಗಳನ್ನು ನಾನು ಎಸೆಯುವುದಿಲ್ಲ. ಸಿಲೇದಾರ, ತನ್ನ ಸ್ವಂತ ಕುದುರೆ ಮತ್ತು ಆಯುಧ ತಂದು ದಂಡಿಗೆ ಸೇರುತ್ತಿದ್ದವನು. ಬಾರಗೀರ, ಸರ್ಕಾರ ಕೊಟ್ಟ ಕುದುರೆ ಏರಿದವನು. ಸಂಬಳದಲ್ಲಿ ಸಿಲೇದಾರನೇ ಮೇಲು. ಚಾಬುಕಸವಾರ, ಹೊಸ ಕುದುರೆ ಪಳಗಿಸುವವನು. ನಾಲಬಂದ, ಲಾಳ ಕಟ್ಟುವವನು. ಹಳೆಯ ದಂಡಿನ ಹಾಜರಿ ಪುಸ್ತಕವೇ ಲಗ್ನಪತ್ರಿಕೆಯಲ್ಲಿ ಕೂತಿದೆ.

ನಾಲಬಂದ ಅಡ್ಡಹೆಸರಿನ ಹಿರಿಯರೊಬ್ಬರನ್ನು ಸಂತೆಯಲ್ಲಿ ಮಾತಾಡಿಸಿದ್ದೆ. ಅವರು ಇನ್ನೂ ಲಾಳ ಹೊಡೆಯುತ್ತಾರೆ. "ಕುದರಿಗೆಲ್ಲಿ ಹೊಡೀಲಿಬೇ, ನಮ್ಮಪ್ಪನ ಕಾಲದಾಗನ ಎಲ್ಲಾ ಎತ್ತ ಆಗಿದ್ದವು" ಅಂದರು. ಪಟ್ಟಿಯಲ್ಲಿ ನಾಲಬಂದದ ಮುಂದೆ ಎತ್ತು ಅಂತಲೂ ಸೇರಿಸಿದ್ದೇನೆ.