ಭಾರ ಅಡಿಗೆ, ಹಗುರ ಮೇಲೆ: ಒಂದೇ ದಾರಕ್ಕೆ ಎರಡು ನಿಂಫ್ ಕಟ್ಟಿದ ನನ್ನ ಅನುಭವ

ಅಘನಾಶಿನಿ ಹೊಳೆಯಲ್ಲಿ ಮೊದಲ ಸಲ ಎರಡು ನಿಂಫ್ (ನೀರುಹುಳದ ಹಾಗೆ ಕಾಣುವ ಹುಸಿ ಹುಳದ ಗಾಳ) ಕಟ್ಟಿ ಎಸೆದ ದಿನ ನನಗೆ ಮೀನು ಸಿಕ್ಕಲಿಲ್ಲ, ದಾರ ಮಾತ್ರ ಸಿಕ್ಕುಸಿಕ್ಕಾಯಿತು. ಉಪ್ಪಿನಪಟ್ಟಣದಿಂದ ಇನ್ನೂ ಮೇಲೆ, ಉಬ್ಬರದ ನೀರು ಮುಟ್ಟದ ಜಾಗ ಅದು. ದೊಡ್ಡಹಬ್ಬ ಕಳೆದು ಹದಿನೈದು ದಿನವಾಗಿತ್ತು. ಮಳೆಗಾಲದ ಕೆಂಪು ಇಳಿದು, ತಳದ ಹರಳು ಎಣಿಸುವಷ್ಟು ನೀರು ತಿಳಿಯಾಗಿತ್ತು. ಜೊತೆಗೆ ಬಂದ ದೊಡ್ಡಪ್ಪ ಬಂಡೆಯ ಮೇಲೆ ಕೂತು ಕವಳ ಹಾಕುತ್ತ ನೋಡುತ್ತಿದ್ದರು. ಅರ್ಧ ತಾಸಿನಲ್ಲಿ ಮೂರನೇ ಸಲ ಗಂಟು ಬಿಡಿಸಲು ಕೂತಾಗ ಕೇಳಿಯೇ ಬಿಟ್ಟರು: “ತಮಾ, ನೀ ಮೀನು ಹಿಡೂಕೆ ಬಂದಿದ್ಯೋ, ಬಲೆ ನೇಯೂಕೆ ಬಂದಿದ್ಯೋ?”

ಹೊಳೆಯ ಕಲ್ಲೊಂದನ್ನು ಮಗುಚಿ ನೋಡಿದರೆ ಅಡಿಯಲ್ಲಿ ಚಪ್ಪಟೆ ಮೈಯ, ಬಾಲಕ್ಕೆ ಎರಡು ಮೂರು ಎಳೆ ಇರುವ ಹುಳ ಹರಿದಾಡುತ್ತದೆ. ಮೇಫ್ಲೈ ಎಂಬ ಕೀಟದ ಮರಿ ಅದು, ರೆಕ್ಕೆ ಬರುವ ತನಕ ನೀರಿನಲ್ಲೇ ಅದರ ಸಂಸಾರ. ಇಂಥದ್ದನ್ನೇ ನಿಂಫ್ ಎನ್ನುವುದು. ಹೊಳೆಮೀನಿನ ಊಟದ ಹೆಚ್ಚಿನ ಪಾಲು ನೀರಿನೊಳಗೇ ನಡೆಯುತ್ತದೆ, ಹಾಗಾಗಿ ಅದೇ ಆಕಾರದ ಫ್ಲೈಯನ್ನು, ಅಂದರೆ ಗಾಳಕ್ಕೆ ಗರಿ ಸುತ್ತಿ ಮಾಡಿದ ಹುಸಿ ಹುಳವನ್ನು, ತಳದ ಹತ್ತಿರ ತೇಲಿಬಿಡಬೇಕು. ಎರಡು ಕಟ್ಟಿದರೆ ಎರಡು ಆಳ, ಎರಡು ಗಾತ್ರ. ಯಾವುದು ಬೇಕೆಂದು ಮೀನನ್ನೇ ಕೇಳಿದ ಹಾಗೆ.

ಈ ಆಟ ನಾನು ನೋಡಿದ್ದು ಹಿಮಾಚಲದ ತೀರ್ಥನ್ ಹೊಳೆಯಲ್ಲಿ. ಅಲ್ಲಿನ ಮೀನುಗಾರಿಕೆ ಇಲಾಖೆಯ ಪರವಾನಗಿ ತೆಗೆದುಕೊಂಡು ಟ್ರೌಟ್ ಮೀನಿನ ಹಿಂದೆ ಎರಡು ದಿನ ಅಲೆದಿದ್ದೆ. ಕಟ್ಟಿದ್ದು ಜೊತೆಗಿದ್ದ ಗೈಡ್, ಎಸೆದದ್ದು ನಾನು. ಊರಿಗೆ ಬಂದು ಸ್ವಂತ ಕಟ್ಟಲು ಕೂತಾಗ ನೆನಪಿದ್ದದ್ದು ಇಷ್ಟೇ: ಮೊದಲ ಫ್ಲೈಯ ಗಾಳದ ಬಾಗಿಗೆ ಇನ್ನೊಂದು ದಾರ ಗಂಟು ಹಾಕಿ, ಅದರ ತುದಿಗೆ ಎರಡನೇ ಫ್ಲೈ. ಈ ಕ್ರಮವೂ ತಪ್ಪಲ್ಲ, ಬೇಗ ಆಗುತ್ತದೆ. ನಾನು ಕೆಡಿಸಿದ್ದು ಬೇರೆ ಕಡೆ. ಭಾರದ್ದನ್ನು ಮೇಲೆ ಕಟ್ಟಿ, ಮುಕ್ಕಾಲು ಮೀಟರ್ ಬಾಲ ಬಿಟ್ಟು, ಅದರ ತುದಿಗೆ ಹಗುರದ್ದನ್ನು ಕಟ್ಟಿದ್ದೆ. ಎಸೆಯುವಾಗ ಭಾರದ್ದು ಮುಂದೆ ಓಡಿ ನಿಲ್ಲುತ್ತದೆ, ಹಗುರದ್ದು ಹಿಂದಿನಿಂದ ಬಂದು ಅದಕ್ಕೇ ಸುತ್ತಿಕೊಳ್ಳುತ್ತದೆ.

ದೊಡ್ಡಪ್ಪ ಅಳಿವೆಯಲ್ಲಿ ನೊಗ್ಲಿ ಮೀನು ಹಿಡಿಯುವ ಕೈಗಾಳದವರು. ಅವರ ತಂಗೂಸಿನ ತುದಿಗೆ ಸೀಸದ ಗುಂಡು, ಅದರ ಮೇಲೆ ಗೇಣು ಗೇಣು ಅಂತರಕ್ಕೆ ಗಿಡ್ಡ ಕವಲು, ಕವಲಿಗೊಂದು ಗಾಳ. ಚಿಕ್ಕಂದಿನಿಂದ ನೋಡಿದ್ದೇನೆ. “ಭಾರ ಅಡಿಗಿರ್ಬೇಕು, ಮೇಲಿಂದಕ್ಕೆ ಅದರದೇ ಕೈ ಬೇಕು. ಇದ್ಕೆ ಹಿಮಾಲಯಕ್ಕೆ ಹೋಗ್ಬೇಕಾಗಿತ್ತಾ?” ಎಂದರು. ಉತ್ತರ ಇರಲಿಲ್ಲ.

ಅಂದಿನಿಂದ ಕವಲು ಇಟ್ಟೇ ಕಟ್ಟುತ್ತೇನೆ. ನನ್ನದು ಒಂಬತ್ತು ಅಡಿಯ, 5 ತೂಕದ (ಕೋಲು ಎಸೆಯುವ ದಾರದ ತೂಕದ ನಂಬರು ಅದು) ಕೋಲು. ಮುಖ್ಯ ದಾರದ ತುದಿಗೆ ಕಟ್ಟುವ ಸಪೂರ ದಾರ, ಅಂದರೆ ಲೀಡರ್, ಒಂಬತ್ತು ಅಡಿಯದು, ತುದಿ 4ಎಕ್ಸ್. ಅದಕ್ಕೆ ಸೇರಿಸುವ ಇನ್ನೂ ಸಣ್ಣ ತುದಿದಾರ, ಅಂದರೆ ಟಿಪ್ಪೆಟ್, 5ಎಕ್ಸ್ ಫ್ಲೋರೊಕಾರ್ಬನ್. ಈ ಎಕ್ಸ್ ಲೆಕ್ಕ ಉಲ್ಟಾ: ಅಂಕಿ ಏರಿದಷ್ಟೂ ದಾರ ಸಣ್ಣ. ಹನ್ನೊಂದರಿಂದ ಆ ಅಂಕಿ ಕಳೆದರೆ ಇಂಚಿನ ಸಾವಿರದ ಲೆಕ್ಕದಲ್ಲಿ ದಪ್ಪ ಸಿಗುತ್ತದೆ. 5ಎಕ್ಸ್ ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಆರು, ಸುಮಾರು 0.15 ಮಿಲಿಮೀಟರ್. ಫ್ಲೋರೊಕಾರ್ಬನ್ ನೈಲಾನ್‌ಗಿಂತ ಬೇಗ ಮುಳುಗುತ್ತದೆ, ನಿಂಫಿಗೆ ಅದೇ ಬೇಕಾದದ್ದು.

ಟಿಪ್ಪೆಟ್ ಅರವತ್ತು ಸೆಂಟಿಮೀಟರ್ ಕತ್ತರಿಸಿ, ಲೀಡರಿನ ತುದಿಯ ಪಕ್ಕ ಒಂದು ಗೇಣು ಜೋಡಿಸಿ ಹಿಡಿಯುತ್ತೇನೆ. ಎರಡನ್ನೂ ಒಟ್ಟಿಗೆ ಕುಣಿಕೆ ಮಾಡಿ, ಅದರೊಳಗೆ ಮೂರು ಸಲ ತೂರಿಸಿ, ಉಗುಳಿನಿಂದ ಒದ್ದೆ ಮಾಡಿ, ನಾಲ್ಕೂ ಎಳೆ ಹಿಡಿದು ನಿಧಾನ ಬಿಗಿಯುತ್ತೇನೆ. ಒಣದಾರ ಬಿಗಿದರೆ ಉಜ್ಜಿದ ಬಿಸಿಗೇ ಸೊರಗುತ್ತದೆ, ಎಷ್ಟೋ ಗಂಟು ಹರಿಯುವುದು ಇದರಿಂದ. ಈಗ ಎರಡು ಗಿಡ್ಡ ಎಳೆ ಉಳಿಯುತ್ತವೆ. ಮೇಲ್ಮುಖವಾದದ್ದು ಟಿಪ್ಪೆಟ್ಟಿನದು, ಅದನ್ನು ಗಂಟಿನ ಬುಡಕ್ಕೆ ಕತ್ತರಿಸಬೇಕು. ಕೆಳಮುಖವಾದದ್ದು ಲೀಡರಿನ ತುದಿ. ಅದೇ ಕವಲು. ದಪ್ಪ ಇರುವುದರಿಂದ ಸ್ವಲ್ಪ ಸೆಟೆದು ನಿಲ್ಲುತ್ತದೆ, ಮುಖ್ಯ ದಾರಕ್ಕೆ ಸುಲಭಕ್ಕೆ ಸುತ್ತಿಕೊಳ್ಳುವುದಿಲ್ಲ. ಹದಿನೈದು ಸೆಂಟಿಮೀಟರ್ ಇಟ್ಟುಕೊಳ್ಳುತ್ತೇನೆ, ಯಾಕೆಂದರೆ ಫ್ಲೈ ಬದಲಿಸಿದಾಗೆಲ್ಲ ಎರಡು ಮೂರು ಸೆಂಟಿಮೀಟರ್ ತಿನ್ನುತ್ತದೆ. ಕವಲಿಗೆ ಹಗುರ ನಿಂಫ್, 16ನೇ ನಂಬರಿನ ಗಾಳದ್ದು; ಗಾಳಕ್ಕೂ ನಂಬರು ಏರಿದಷ್ಟೂ ಗಾತ್ರ ಸಣ್ಣ. ಅಡಿಯ ತುದಿಗೆ 14ರದ್ದು, ಭಾರದ ಟಂಗ್‌ಸ್ಟನ್ ಮಣಿ ಪೋಣಿಸಿದ್ದು. ಅಡಿಯದು ಕಲ್ಲಿಗೆ ಸಿಕ್ಕಿ ಹರಿದರೆ ಸಾಮಾನ್ಯವಾಗಿ ಸಣ್ಣ ದಾರವೇ ಹರಿಯುತ್ತದೆ, ಮೇಲಿನದು ಉಳಿಯುತ್ತದೆ.

ಫ್ಲೈ ನಾನೇ ಸುತ್ತುತ್ತೇನೆ. ಇಂಗ್ಲೆಂಡಿನ ಏವನ್ ಹೊಳೆಯ ಕಾವಲುಗಾರ ಫ್ರಾಂಕ್ ಸಾಯರ್, ನೂಲಿನ ಬದಲು ಸಣ್ಣ ತಾಮ್ರದ ತಂತಿಯಿಂದಲೇ ಫೆಸೆಂಟ್ ಹಕ್ಕಿಯ ಬಾಲದ ಗರಿಯನ್ನು ಗಾಳಕ್ಕೆ ಸುತ್ತಿದವನು. ತಂತಿಯೇ ಭಾರ, ತಂತಿಯೇ ದಾರ. ನನ್ನ ತಂತಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿಯ ಕಸದ ಡಬ್ಬಿಯದು. ಗರಿ ಮನೆಯ ಕಂದು ಹುಂಜದ್ದು. ಫೆಸೆಂಟ್ ಅಲ್ಲ ಎಂದು ಇಲ್ಲಿಯ ಮೀನು ಇದುವರೆಗೆ ತಕರಾರು ಮಾಡಿಲ್ಲ.

ಮೀನು ಕಚ್ಚಿದ್ದು ತಿಳಿಯಲು ದಾರಕ್ಕೆ ಕಟ್ಟುವ ತೇಲುವ ಬೆಂಡಿನ ಎತ್ತರಕ್ಕೆ ರೂಢಿಯ ಲೆಕ್ಕ ನೀರಿನ ಆಳದ ಒಂದೂವರೆ ಪಟ್ಟು. ಎರಡು ಅಡಿ ನೀರಾದರೆ ಅಡಿಯ ಫ್ಲೈಯಿಂದ ಮೂರು ಅಡಿ ಮೇಲೆ. ಅಲ್ಲಿಂದ ಮುಂದೆ ಬೆಂಡೇ ಹೇಳುತ್ತದೆ. ಪ್ರತಿ ಸಲ ಕಲ್ಲಿಗೆ ತಾಗಿದರೆ ನಾಲ್ಕು ಬೆರಳು ಕೆಳಗೆ ಇಳಿಸು. ಹತ್ತು ಸಲ ಬಿಟ್ಟರೂ ಒಮ್ಮೆಯೂ ತಾಗದಿದ್ದರೆ ಮೇಲಕ್ಕೆ ಏರಿಸು. ತಳದ ನೀರು ಕಲ್ಲಿಗೆ ಉಜ್ಜಿ ನಿಧಾನ ಹರಿಯುತ್ತದೆ, ಮೇಲಿನದು ಓಡುತ್ತದೆ. ಮೇಲೆ ಬಿದ್ದ ದಾರ ಬೆಂಡನ್ನು ಎಳೆದುಕೊಂಡು ಹೋದರೆ ಫ್ಲೈ ಹುಳದ ಹಾಗಿರದೆ ಹಗ್ಗ ಕಟ್ಟಿದ ಕರುವಿನ ಹಾಗೆ ಹೋಗುತ್ತದೆ. ಅದಕ್ಕೇ ಎಸೆದ ಕೂಡಲೇ ಕೋಲಿನ ತುದಿಯಿಂದ ದಾರವನ್ನು ಹರಿವಿನ ಮೇಲ್ಬದಿಗೆ ಎತ್ತಿ ಹಾಕಬೇಕು. ಎಸೆಯುವುದೂ ಒಂದೇ ಬೀಸು, ದೊಡ್ಡ ಕಮಾನಿನ ಹಾಗೆ. ಗಾಳಿಯಲ್ಲಿ ಹಿಂದೆ ಮುಂದೆ ಬೀಸುವ ಸಿನಿಮಾ ಶೈಲಿ ಒಂಟಿ ಫ್ಲೈಗೆ ಇರಲಿ.

ಹೀಗೆ ಕಟ್ಟಿ ಹೋದ ಮೊದಲ ಬೆಳಿಗ್ಗೆ ಐದು ಮೀನು ಬಂದವು. ಬೆಳ್ಳಿ ಮೈಗೆ ನೀಲಿ ಅಡ್ಡಪಟ್ಟೆ ಇರುವ, ಬೆರಳಿಗಿಂತ ಸ್ವಲ್ಪ ಉದ್ದದವು. ನಾಲ್ಕು ಮೇಲಿನ ಹಗುರ ಫ್ಲೈಗೇ ಬಿದ್ದವು, ಅದೂ ತೇಲಿ ಮುಗಿದು ದಾರ ಬಿಗಿದು ಫ್ಲೈ ಮೇಲೇಳುವ ಹೊತ್ತಿಗೆ. ಮೇಲಕ್ಕೆ ಹೊರಟ ಹುಳವೆಂದು ನಂಬಿದವೋ ಏನೋ. ಐದನೆಯದನ್ನು ಬಿಡಿಸುವಾಗ ಅದು ಕೊಸರಿ, ಖಾಲಿ ಇದ್ದ ಇನ್ನೊಂದು ಗಾಳ ನನ್ನ ಹೆಬ್ಬೆರಳಿಗೆ ನೆಟ್ಟಿತು. ಗಾಳದ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಮಟ್ಟ ಮಾಡಿದ್ದರಿಂದ ಸರಕ್ಕನೆ ಹೊರಬಂತು. ಎರಡು ಗಾಳ ಕಟ್ಟುವವರು ಇದೊಂದನ್ನು ಬಿಡಬಾರದು. ಈಗ ಮೀನು ಮುಟ್ಟುವ ಮೊದಲು ಖಾಲಿ ಫ್ಲೈ ಎಲ್ಲಿದೆ ಎಂದು ನೋಡುತ್ತೇನೆ.

ಘಟ್ಟದ ಮೇಲೆ ಸಿಂಗಳೀಕಗಳಿಗಾಗಿ 2011ರಲ್ಲಿ ಸಂರಕ್ಷಿತವೆಂದು ಘೋಷಿಸಿದ ಅಘನಾಶಿನಿಯ ಕಾಡಿದೆ. ಆ ಕಡೆಗೆ ಕೋಲು ಒಯ್ಯುವುದಿಲ್ಲ. ಕೆಳಗೆ ಹಿಡಿದದ್ದನ್ನೂ ನೀರಿಗೇ ಬಿಡುತ್ತೇನೆ. ಇದು ದೊಡ್ಡಪ್ಪನಿಗೆ ಇನ್ನೂ ಅರ್ಥವಾಗದ ಸಂಗತಿ.

ಹೊಳೆಯ ದಡದಲ್ಲಿ ಚಳಿಗೆ ಬೆರಳು ಮರಗಟ್ಟಿದಾಗ ಈ ಗಂಟು ಬೀಳುವುದಿಲ್ಲ. ಹಾಗಾಗಿ ಹಿಂದಿನ ರಾತ್ರಿಯೇ ಆರು ಜೋಡಿ ಕಟ್ಟಿ, ಅಡಿಕೆ ಹಾಳೆಯ ತುಂಡಿಗೆ ಎರಡೂ ಬದಿ ಕಚ್ಚು ಕೊಯ್ದು ಸುತ್ತಿಡುತ್ತೇನೆ. ಹಾಳೆ ಕತ್ತರಿಸಿಕೊಡುವವರು ದೊಡ್ಡಪ್ಪ. ಉಳಿದ ಟಿಪ್ಪೆಟ್ಟನ್ನು ಒಮ್ಮೆ ಅವರ ಕೈಗಿತ್ತೆ. ಎರಡೂ ಕೈಯಲ್ಲಿ ಎಳೆದು, ಪಟ್ಟೆಂದು ಹರಿದು, “ಇದ್ಕೆ ನೊಗ್ಲಿ ನಿಲ್ಲೂದಿಲ್ಲಾ” ಎಂದು ವಾಪಸು ಕೊಟ್ಟರು.