ಶೆಕಿಗೆ ಹೋದರೆ ಒಂದು ರಾತ್ರಿ ಉಳಿಯಿರಿ

ಅಜರ್‌ಬೈಜಾನ್‌ಗೆ ಹೋಗುವ ನಮ್ಮವರು ಹೆಚ್ಚಾಗಿ ಬಾಕು ನೋಡಿ ವಾಪಸಾಗುತ್ತಾರೆ. ಸುಮಾರು 300 ಕಿ.ಮೀ. ದೂರದ ಶೆಕಿಗೆ ಹೋದರೂ ಬೆಳಿಗ್ಗೆ ಹೊರಟು ರಾತ್ರಿ ಮರಳುವ ಟೂರ್. ಆಗ ನೋಡುವುದು ಊರಿಗಿಂತ ರಸ್ತೆಯೇ ಜಾಸ್ತಿ. ಎರಡು ದಿನ ಇಟ್ಟುಕೊಳ್ಳಿ.

ಮೊದಲು ವೀಸಾ. ಭಾರತೀಯರು ‘ಆಸಾನ್’ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ಇ-ವೀಸಾಗೆ ಅರ್ಜಿ ಹಾಕಬಹುದು. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ತುಂಬಿ. ನಮ್ಮ ಇನಿಷಿಯಲ್‌ಗಳ ಫಜೀತಿ ಗೊತ್ತೇ ಇದೆಯಲ್ವಾ? ಮೇ-ಜೂನ್ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯ ಕಾಲ. ಕಾಕಸಸ್ ಬೆಟ್ಟದ ಬುಡದ ಊರು, ಚಳಿಗಾಲದಲ್ಲಿ ಹಿಮ ಬೀಳುತ್ತದೆ.

ಬಾಕುವಿನಿಂದ ಬಸ್ಸು ಹಿಡಿಯಿರಿ. ರೈಲ್ವೆ ಸ್ಟೇಷನ್ ಊರಿಂದ ದೂರ.

ಉಳಿಯಲು 18ನೇ ಶತಮಾನದ ‘ಮೇಲಿನ ಕಾರವಾನ್‌ಸರಾಯ್’ ಎಂಬ ಹಳೆಯ ವ್ಯಾಪಾರಿ ಛತ್ರದಲ್ಲಿ ರೂಮು ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಹಿಂದೆ ಕೆಳಗೆ ಸರಕು, ಮೇಲೆ ವ್ಯಾಪಾರಿಗಳು. ಈ ಊರು ಬೆಳೆದದ್ದೇ ರೇಷ್ಮೆ ವ್ಯಾಪಾರದಿಂದ. ರೂಮು ಸಿಗದಿದ್ದರೆ ಅಂಗಳವನ್ನಾದರೂ ನೋಡಿ ಬನ್ನಿ.

ಮರುದಿನ ಬೆಳಿಗ್ಗೆ, ಟೂರ್ ವ್ಯಾನುಗಳು ಬರುವ ಮೊದಲೇ, ಏರು ದಾರಿ ಹತ್ತಿ ಖಾನರ ಅರಮನೆಗೆ ಹೋಗಿ. 1772ರ ಪ್ರವಾಹದಲ್ಲಿ ಹಳೆಯ ಊರು ಕೊಚ್ಚಿಹೋದ ಮೇಲೆ ಜನ ಈ ಎತ್ತರಕ್ಕೆ ಬಂದರು. 2019ರಲ್ಲಿ ಅರಮನೆ ಸಮೇತ ಊರಿನ ಹಳೆಯ ಭಾಗ ಯುನೆಸ್ಕೊ ಪಟ್ಟಿ ಸೇರಿತು. ಅರಮನೆ ಚಿಕ್ಕದು. ಮೈಸೂರಿನದನ್ನು ನೆನೆದು ಹೋದರೆ ನಿರಾಸೆಯಾದೀತು. ನೋಡಬೇಕಾದದ್ದು ಕಿಟಕಿಗಳನ್ನು. ‘ಶೆಬೆಕೆ’ ಎನ್ನುತ್ತಾರೆ: ಮೊಳೆ ಇಲ್ಲ, ಅಂಟಿಲ್ಲ, ಮರದ ಚೂರುಗಳನ್ನು ಒಂದಕ್ಕೊಂದು ಸಿಕ್ಕಿಸಿ ನಡುವೆ ಬಣ್ಣದ ಗಾಜು ಕೂರಿಸಿದ್ದಾರೆ. ಬಿಸಿಲು ಬಿದ್ದಾಗ ಕೋಣೆಯ ನೆಲವೆಲ್ಲ ಬಣ್ಣ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು.

ಮಧ್ಯಾಹ್ನ ‘ಪಿತಿ’ ತಿನ್ನಿ. ಕುರಿಮಾಂಸ, ಕಡಲೆಕಾಳು ಹಾಕಿ ಮಣ್ಣಿನ ಕುಡಿಕೆಯಲ್ಲಿ ಬೇಯಿಸಿದ ಅಡುಗೆ. ಮೊದಲು ತಟ್ಟೆಗೆ ರೊಟ್ಟಿ ಮುರಿದು ಹಾಕಿ, ಸಾರು ಸುರಿದು ತಿನ್ನಬೇಕು. ಉಳಿದದ್ದನ್ನು ಆಮೇಲೆ ಹಿಸುಕಿಕೊಳ್ಳಬೇಕು. ಸಸ್ಯಾಹಾರಿಗಳು ‘ದೊವ್ಗಾ’ ಕೇಳಿ. ಮೊಸರಿಗೆ ಸೊಪ್ಪು, ಅಕ್ಕಿ ಹಾಕಿ ಕುದಿಸಿದ್ದು, ನಮ್ಮ ತಂಬುಳಿಯ ದೂರದ ನೆಂಟ.

ಸಂಜೆ ಕಿಶ್ ಹಳ್ಳಿಯ ಅಲ್ಬೇನಿಯನ್ ಚರ್ಚ್‌ಗೆ ಟ್ಯಾಕ್ಸಿ ಮಾಡಿಕೊಳ್ಳಿ. ಯುರೋಪಿನ ಅಲ್ಬೇನಿಯಾಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಕಾಕಸಸ್‌ನಲ್ಲೇ ಇದ್ದ ಹಳೆಯ ರಾಜ್ಯದ ಹೆಸರು.

ಕೊನೆಗೆ ಹಲ್ವಾ. ಅಕ್ಕಿಹಿಟ್ಟಿನ ಜಾಳಿಗೆಯ ಪದರಗಳ ನಡುವೆ ಬೀಜದ ಚೂರು, ಏಲಕ್ಕಿ, ಕೊತ್ತಂಬರಿ ಬೀಜ ಇರುತ್ತದೆ. ಪಾಕ ಸೋರುತ್ತದೆ, ಎರಡು ಕವರ್ ಹಾಕಿಸಿ. ಬಟ್ಟೆ ಜೊತೆ ಇಡಬೇಡಿ.