ಮನಸ್ಸು ‘ಬ್ಯಾಡ’ ಅಂದಾಗ ಎಷ್ಟು ಕೇಳಬೇಕು?

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಪಳಗಿದ ದ್ರಾಕ್ಷಿ ಬೆಳೆಗಾರ ಬೆಳಿಗ್ಗೆ ಪಡದೊಳಗೆ ಕಾಲಿಟ್ಟ ಕೂಡಲೇ ‘ಇವತ್ತ ಔಷಧ ಹೊಡೀಬೇಕು’ ಅನ್ನುತ್ತಾನೆ. ಎಲೆ ಮೇಲಿನ ಎಣ್ಣೆ ಹನಿಯಂಥ ಹಳದಿ ಮಚ್ಚೆ ಇನ್ನೂ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಮುಗಿದಿದೆ, ಮೋಡ ಕವಿದಿದೆ, ಎಲೆ ಹೊತ್ತೇರಿದರೂ ಹಸಿಯಾಗಿದೆ. ಇಷ್ಟು ಕೂಡಿದರೆ ದಾವಣಿ (ಡೌನಿ ಬೂಜು ರೋಗ) ಬರುತ್ತದೆಂದು ವರ್ಷ ವರ್ಷವೂ ನೋಡಿದ ಮನಸ್ಸು ಲೆಕ್ಕ ಹಾಕುವ ಮೊದಲೇ ಉತ್ತರ ಕೊಟ್ಟಿರುತ್ತದೆ. ಅದೇ ಮನುಷ್ಯ ಬೆಳಗಾವಿಯಲ್ಲಿ ಮಗನಿಗೆ ಪ್ಲಾಟ್ ನೋಡಿ ‘ಇದ ಛಲೋ ಅನಸ್ತದ’ ಅಂದರೆ ಆ ಮಾತಿಗೆ ಪಡದಲ್ಲಿನ ತೂಕ ಇಲ್ಲ. ಪ್ಲಾಟ್ ಕೊಳ್ಳುವುದು ಆಯುಷ್ಯದಲ್ಲಿ ಒಂದೋ ಎರಡೋ ಸಲ.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್, ಮನಸ್ಸಿಗೆ ತಟ್ಟನೆ ಅನಿಸಿದ್ದನ್ನು ಎಷ್ಟು ನಂಬಬೇಕು ಎಂಬ ವಿಷಯದಲ್ಲಿ ಬೇರೆ ಬೇರೆ ದಾರಿ ಹಿಡಿದವರು. 2009ರಲ್ಲಿ ಇಬ್ಬರೂ ಕೂಡಿ ಬರೆದ ಲೇಖನದಲ್ಲಿ ಅಂಥ ಅನಿಸಿಕೆ ನಂಬಲು ಎರಡು ಷರತ್ತು ಒಪ್ಪಿಕೊಂಡರು: ಆ ಕೆಲಸದಲ್ಲಿ ನಂಬುವಂಥ ಗುರುತುಗಳು ಇರಬೇಕು, ಅವನ್ನು ಕಲಿಯುವಷ್ಟು ಸಲ ನೀವು ಮಾಡಿ, ಫಲ ನೋಡಿರಬೇಕು. ಎಷ್ಟು ಗಟ್ಟಿಯಾಗಿ ಅನಿಸುತ್ತಿದೆ ಅನ್ನುವುದು ಪುರಾವೆಯಲ್ಲ. ಏನೂ ಗೊತ್ತಿಲ್ಲದವನಿಗೂ ಅಷ್ಟೇ ಗಟ್ಟಿಯಾಗಿ ಅನಿಸಬಹುದು.

ಆದ್ದರಿಂದ ಮೊದಲು ಬರೆದಿಡಿ. ಮನೆಯಲ್ಲಿ ಹಿರಿಯರನ್ನು, ಗೆಳೆಯರನ್ನು ಕೇಳುವುದಕ್ಕಿಂತ ಮುಂಚೆಯೇ. ತಾರೀಖು, ನಿರ್ಧಾರ ಏನು, ಮನಸ್ಸು ಎತ್ತ ವಾಲಿದೆ, ನೂರಕ್ಕೆ ಎಷ್ಟು ಖಾತ್ರಿ – ನಾಲ್ಕು ಸಾಲು ಸಾಕು. ಕಾಕಾ ಒಂದು ಮಾತು ಹೇಳಿದ ಮೇಲೆ ಯಾವುದು ನಿಮ್ಮದು, ಯಾವುದು ಅವರದು ಎಂದು ಬಿಡಿಸುವುದು ಕಷ್ಟ. ಬರೆಯುವ ಹೊತ್ತೂ ಮುಖ್ಯ. ಮೇ ತಿಂಗಳ ಬಿಸಿಲಲ್ಲಿ ದಲಾಲಿಯ ಕಾರಿನಲ್ಲಿ ಮೂರು ಲೇಔಟ್ ಸುತ್ತಿ ಹಸಿದು ಬಂದಾಗ ಅನಿಸಿದ್ದು ದಣಿವಿನ ಮಾತು. ಉಂಡು, ಮಲಗಿ, ಎದ್ದು ಬರೆಯಿರಿ. ಎರಡು ದಿನ ಬಿಟ್ಟು, ಹಳೆಯದನ್ನು ನೋಡದೆ ಮತ್ತೊಮ್ಮೆ. ಎರಡೂ ಒಂದೇ ಆಗಿದ್ದರೆ ಮುಂದೆ ಹೋಗಬಹುದು.

ಇನ್ನು ನಿಜವಾದ ಕೆಲಸ: ಆ ಅನಿಸಿಕೆ ಎಲ್ಲಿಂದ ಬಂತು ಅಂತ ಹುಡುಕುವುದು. ‘ಯಾಕೋ ಮನಸ್ಸು ಒಪ್ಪವಲ್ದು’ ಅನ್ನುವುದರ ಹಿಂದೆ ಬಹಳ ಸಲ ಕಣ್ಣು ಕಂಡ, ಬಾಯಿ ಹೇಳದ ಸಂಗತಿ ಇರುತ್ತದೆ. ಪ್ಲಾಟ್ ನೋಡಲು ಹೋದದ್ದನ್ನು ಮೊದಲಿನಿಂದ ನೆನೆದು, ಕಂಡದ್ದನ್ನಷ್ಟೇ ಐದಾರು ಸಾಲು ಬರೆಯಿರಿ, ಅಭಿಪ್ರಾಯ ಬೇಡ. ಹೀಗೆ: ಪಕ್ಕದ ಹೊಲದವನು ಮಾತಿಗೆ ಬಂದಾಗ ದಲಾಲಿ ನಡುವೆ ಬಾಯಿ ಹಾಕಿದ. ಉತಾರ (ಪಹಣಿ) ಕೇಳಿದರೆ ಮೊಬೈಲಿನಲ್ಲಿ ಫೋಟೋ ತೋರಿಸಿ ಬೇಗ ಸರಿಸಿದ. ಸಂಚಕಾರ (ಮುಂಗಡ) ಇವತ್ತೇ ಕೊಡಿ ಅಂದ. ಈಗ ಇವು ಪರೀಕ್ಷಿಸಬಹುದಾದ ಪ್ರಶ್ನೆಗಳಾದವು: ಹೊಸ ಉತಾರ ತೆಗೆಸಿ, ಇ.ಸಿ. (ಋಣಭಾರ ಪತ್ರ) ತೆಗೆಸಿ, ಎನ್.ಎ. (ಕೃಷಿಯೇತರ ಬಳಕೆಯ) ಆದೇಶ ನೋಡಿ, ಪಕ್ಕದ ಹೊಲದವನ ಹತ್ತಿರ ಒಬ್ಬರೇ ಹೋಗಿ ಕೂತು ಮಾತಾಡಿ.

ಒಂದೂ ಸಾಲು ಹೊಳೆಯದಿದ್ದರೆ ಅದು ಬರೀ ಅಂಜಿಕೆಯೋ, ರೂಢಿಯೋ ಇರಬಹುದು. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಕನ್ಯಾ ನೋಡಲು ಹೋಗಿ ಅರ್ಧ ಗಂಟೆ ಚಹಾ-ಚೂಡಾ ನಡುವೆ ಹುಟ್ಟುವ ‘ಇವರು ನಮ್ಮಂಥವರು’ ಎಂಬ ಭಾವನೆಗೆ ಮಾತಿನ ಧಾಟಿ, ಬಣ್ಣ, ಮನೆಯ ಗೋಡೆಗಳೇ ಕಾರಣವಾಗಿರುತ್ತವೆ. ಹುಡುಗ-ಹುಡುಗಿ ಕೂಡಿ ಬಾಳುತ್ತಾರೋ ಇಲ್ಲವೋ ಎಂಬುದಕ್ಕೆ ಅದರಲ್ಲಿ ಸುಳಿವಿಲ್ಲ. ಇಬ್ಬರೂ ರೊಕ್ಕ, ಕೆಲಸ, ಊರು, ತಂದೆ-ತಾಯಿಯರ ಜವಾಬ್ದಾರಿ ಕುರಿತು ಮೂರ್ನಾಲ್ಕು ಸಲ ಬೇರೆ ಕೂತು ಮಾತಾಡಲಿ, ಆಮೇಲಿನ ಅನಿಸಿಕೆ ಬರೆದಿಡಲಿ.

ಮನಸ್ಸು ‘ಹೂಂ’ ಅಂದಾಗ ಕ್ಲೈನ್ 2007ರಲ್ಲಿ ಬರೆದ ಪದ್ಧತಿ ಹಿಡಿಯಿರಿ. ಬಾಗಲಕೋಟೆಯ ಅಂಗಡಿ ಮುಚ್ಚಿ ಬೆಂಗಳೂರಿಗೆ ಹೋಗುವ ವಿಚಾರ ಇದೆ ಅನ್ನಿ. ಮನೆಯವರೆಲ್ಲ ಕೂತು, ಹೋಗಿ ವರ್ಷವಾಗಿದೆ, ಎಲ್ಲ ಕೆಟ್ಟಿದೆ ಎಂದೇ ಹಿಡಿಯಿರಿ. ಯಾಕೆ ಕೆಟ್ಟಿತು? ಐದು ನಿಮಿಷ ಯಾರೂ ಮಾತಾಡದೆ ಬರೆಯಬೇಕು. ಮನೆಯಲ್ಲಿ ಮಾಡುವಾಗ ಸಣ್ಣವರು ಮೊದಲು ಓದಲಿ. ಹಿರಿಯರು ಮೊದಲು ಓದಿದರೆ ಉಳಿದವರು ಅದನ್ನೇ ಹೇಳುತ್ತಾರೆ, ಕಸರತ್ತು ದಂಡ. ಸಾಧ್ಯವಿದ್ದರೆ ಅಂಗಡಿ ಮುಚ್ಚದೆ ಹದಿನೈದು ದಿನ ಒಬ್ಬರು ಹೋಗಿದ್ದು ಬರಲಿ.

‘ಹೂಂ’ಗೂ ‘ಬ್ಯಾಡ’ಕ್ಕೂ ಒಂದೇ ಅಳತೆ ಬೇಡ. ಬೇರೆ ಪ್ಲಾಟ್ ಸಿಗುವಂತಿದ್ದರೆ ಕಾರಣ ಹೊಳೆಯದ ‘ಬ್ಯಾಡ’ವನ್ನೂ ಕೇಳಬಹುದು, ಕಳೆದುಕೊಳ್ಳುವುದು ಕಡಿಮೆ. ಆದರೆ ಕಾಗದ ಸರಿಯಿಲ್ಲದಾಗ ಮನಸ್ಸು ಎಷ್ಟೇ ‘ಹೂಂ’ ಅಂದರೂ ಕಾಗದದ ಮಾತೇ ನಡೆಯಬೇಕು. ಕಾಗದ ಸರಿ, ಮನಸ್ಸು ಒಪ್ಪದು ಅಂತಾದರೆ ಆ ತಕರಾರು ಸಂಚಕಾರ ಕೊಡುವ ಮುಂಚೆ ಎತ್ತಿ. ಸಬ್ ರಜಿಸ್ಟ್ರಾರ್ ಕಚೇರಿಯ ಬಾಕಿನ ಮೇಲೆ ಕೂತಾಗ ನೆಂಟರ ಮುಲಾಜು, ಕೊಟ್ಟ ರೊಕ್ಕ ಎರಡೂ ಬಾಯಿ ಕಟ್ಟುತ್ತವೆ.